ಕೊಟ್ಟಿಗೆಯಲ್ಲಿ ಮೈಕ್ ಇಟ್ಟವನಿಗೆ ಬಂದ ಪತ್ರಗಳು

ಹೋದ ತಿಂಗಳು ಇದೇ ಪುಟದಲ್ಲಿ ನಮ್ಮ ಮನೆ ಕೊಟ್ಟಿಗೆಯ ಸದ್ದು ಹಿಡಿದು, ಕಂಪ್ಯೂಟರ್‌ನಲ್ಲಿ ಕೂಡಿಸಿ, ಆರು ನಿಮಿಷದ ಸಂಗೀತ ಮಾಡಿದ ಕತೆ ಬರೆದಿದ್ದೆ. ಶಿರಸಿಯಿಂದ ಸ್ವಲ್ಪ ಒಳಗಿನ ಊರು ನಮ್ಮದು. ಮಳೆಗಾಲದಲ್ಲಿ ಅಲ್ಲಿ ಕರೆಂಟಿಗಿಂತ ಕಪ್ಪೆ ಜಾಸ್ತಿ. ಓದಿದವರು ನಗ್ತಾರೆ ಅಂದುಕೊಂಡಿದ್ದೆ. ನಕ್ಕವರೂ ಇದ್ದಾರೆ. ಆದರೆ ಪ್ರಶ್ನೆ ಕೇಳಿದವರೇ ಹೆಚ್ಚು. ಸಿಕ್ಕಷ್ಟಕ್ಕೆ ಉತ್ತರ ಬರೆದಿದ್ದೇನೆ. ಒಂದೇ ಥರದ ಪತ್ರಗಳನ್ನು ಸೇರಿಸಿ ಒಂದು ಮಾಡಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನನ್ನ ಹತ್ತಿರ ಇರುವುದು ಫೋನ್ ಒಂದೇ. ಮಳೆ ಬಿದ್ದ ರಾತ್ರಿ ಗದ್ದೆ ಬದುವಿನ ಮೇಲೆ ನಿಂತು ಕಪ್ಪೆ ಕೂಗು ರೆಕಾರ್ಡ್ ಮಾಡಿದೆ. ಅಲ್ಲಿ ಕಿವಿ ಗುಂಯ್ ಅನ್ನುವಷ್ಟು ಸದ್ದಿತ್ತು. ಮನೆಗೆ ಬಂದು ಕೇಳಿದರೆ ಯಾರೋ ಬಾಯಿ ಮುಕ್ಕಳಿಸಿದ ಹಾಗೆ ಇದೆ. ಫೋನ್ ಹಾಳಾಗಿದೆಯಾ?
(ಪದವಿ ವಿದ್ಯಾರ್ಥಿ, ಸಿದ್ದಾಪುರ)

ಉತ್ತರ: ಫೋನ್ ಸರಿಯಾಗೇ ಇದೆ. ಅದಕ್ಕೆ ಕಪ್ಪೆ ಬೇಡ, ಅಷ್ಟೇ. ಫೋನ್ ಮಾಡಿರುವುದು ಮನುಷ್ಯರ ಮಾತಿಗೆ. ಮಾತು ಬಿಟ್ಟು ಒಂದೇ ಸಮ ಬರುವ ಸದ್ದೆಲ್ಲ ಅದರ ಲೆಕ್ಕದಲ್ಲಿ ಗದ್ದಲ. ಫ್ಯಾನ್, ಮಳೆ, ಕಪ್ಪೆ, ಜೀರುಂಡೆ, ಎಲ್ಲವನ್ನೂ ಅದು ತಾನಾಗಿ ಅಳಿಸಲು ನೋಡುತ್ತದೆ. ಪೂರ್ತಿ ಅಳಿಸಲಾಗದೆ ಉಳಿದ ಚೂರುಪಾರೇ ನಿಮಗೆ ಕೇಳಿಸಿದ ಆ ಮುಕ್ಕಳಿಕೆ.

ಫೋನಿನ ಜೊತೆ ಬಂದ ರೆಕಾರ್ಡರ್ ಬಿಡಿ. ಸದ್ದನ್ನು ಹಿಂಡದೆ ಇಡುವ ವೇವ್ (WAV) ಫೈಲ್ ಕೊಡುವ, ಗದ್ದಲ ತೆಗೆಯುವುದನ್ನು ಮತ್ತು ತಾನಾಗಿ ಸದ್ದು ಏರಿಸಿ ಇಳಿಸುವುದನ್ನು ಬಂದ್ ಮಾಡಲು ಬಿಡುವ ಒಂದು ಆ್ಯಪ್ ಹಾಕಿಕೊಳ್ಳಿ. ಸೆಟ್ಟಿಂಗಿನಲ್ಲಿ ಸ್ಯಾಂಪಲ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಸಲ ಸದ್ದು ಅಳೆಯಬೇಕು ಅನ್ನುವುದು, 48,000; ಪ್ರತಿ ಅಳತೆಗೆ 24 ಬಿಟ್. ಸ್ಟೀರಿಯೋದಲ್ಲಿ ಒಂದು ಗಂಟೆಗೆ ಸುಮಾರು 1 ಜಿಬಿ ಬೇಕಾಗುತ್ತದೆ, ಹಾಗಾಗಿ ಹೊರಡುವ ಮೊದಲು ಮದುವೆ ವಿಡಿಯೋಗಳನ್ನೆಲ್ಲ ಬೇರೆ ಕಡೆ ಹಾಕಿ. ಏರ್‌ಪ್ಲೇನ್ ಮೋಡ್ ಹಾಕುವುದನ್ನು ಮರೀಬೇಡಿ. ಒಂದು ಸಲ ನನ್ನ ಒಳ್ಳೇ ರೆಕಾರ್ಡಿಂಗ್ ಮಧ್ಯದಲ್ಲಿ ಅಡಿಕೆ ರೇಟು ಕೇಳಲು ಭಾವ ಫೋನ್ ಮಾಡಿದ್ದ.

ಇನ್ನೊಂದು. ಆ ಫೈಲನ್ನು ನೀವು ಗೆಳೆಯನಿಗೆ ವಾಟ್ಸಾಪ್ ವಾಯ್ಸ್ ಮೆಸೇಜ್ ಮಾಡಿ ಕಳಿಸಿ, ಅವನು ವಾಪಸ್ ಕಳಿಸಿದ್ದನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡೆ ಅಂತಲೂ ಬರೆದಿದ್ದೀರಿ. ಅಯ್ಯೋ ಮಾರಾಯ್ರೆ! ವಾಯ್ಸ್ ಮೆಸೇಜ್ ಕೂಡ ಮಾತಿಗೆ ಅಂತಲೇ ಹಿಂಡಿ ಸಣ್ಣ ಮಾಡಿದ್ದು. ಮೇಲಿನ ಚುರುಕು ಸದ್ದು ಅಲ್ಲೇ ಹೋಯಿತು. ಡಾಕ್ಯುಮೆಂಟ್ ಮಾಡಿ ಕಳಿಸಿದರೆ ಫೈಲ್ ಇದ್ದ ಹಾಗೇ ಹೋಗುತ್ತದೆ.

ಮತ್ತೆ, ಬದುವಿನ ಮೇಲೆ ನಿಂತರೆ ಸಿಗುವುದು ಸಂತೆ. ಒಂದು ಕಪ್ಪೆ ಹುಡುಕಿ, ಹತ್ತಿರ ಹೋಗಿ ಕೂತುಕೊಳ್ಳಿ. ನೀವು ಹೋದ ಕೂಡಲೇ ಅದು ಸುಮ್ಮನಾಗುತ್ತದೆ. ಟಾರ್ಚ್ ಆರಿಸಿ, ಹತ್ತು ನಿಮಿಷ ಅಲ್ಲಾಡದೆ ಕೂತರೆ ಮತ್ತೆ ಶುರು ಮಾಡುತ್ತದೆ. ಕೂಗಿನಿಂದಲೇ ಕಪ್ಪೆ ಜಾತಿ ಗುರುತು ಹಿಡಿಯುವವರಿದ್ದಾರೆ. ಹೊಸ ಜಾತಿ ಅಂತ ಹೇಳುವಾಗ ವಿಜ್ಞಾನಿಗಳು ಕೂಗನ್ನೂ ಅಳೆದು ನೋಡುತ್ತಾರೆ. ನಿಮ್ಮ ತಾಲೂಕಿನ ಕತ್ತಲೆಕಾನಿನ ಕಡೆಯ ಕುಂಬಾರ ಕಪ್ಪೆಗೆ ಹೆಸರು ಸಿಕ್ಕಿದ್ದು 2014ರಲ್ಲಿ. ಗಂಡು ಕಪ್ಪೆ ಮೊಟ್ಟೆಗೆ ಮಣ್ಣು ಮೆತ್ತುತ್ತದೆ, ಅದಕ್ಕೇ ಕುಂಬಾರ. ಹಾಗಾಗಿ ಫೈಲಿಗೆ ‘ಕಪ್ಪೆ 1’ ಅಂತ ಹೆಸರಿಡಬೇಡಿ. ಜಾಗ, ತಾರೀಕು, ಹೊತ್ತು, ಮಳೆ ಇತ್ತೋ ಇಲ್ಲವೋ, ಎಲ್ಲ ಬರೆದಿಡಿ.

ಪ್ರಶ್ನೆ: ನಮ್ಮ ಮಗ ಅಡಿಕೆ ಸುಲಿಯುವ ಮಷೀನಿನ ಸದ್ದು ರೆಕಾರ್ಡ್ ಮಾಡಿ, ಅದಕ್ಕೆ ದಬ ದಬ ಅಂತ ಏನೋ ಸೇರಿಸಿ ಸಂಗೀತ ಅಂತಾನೆ. ನಾನು ಎಂಟು ವರ್ಷ ಹಿಂದೂಸ್ತಾನಿ ಕಲಿತವಳು. ಇದನ್ನು ಸಂಗೀತ ಅನ್ನಬಹುದಾ? ಬೇಜಾರಾಗದ ಹಾಗೆ ಅವನಿಗೆ ಏನು ಹೇಳಲಿ?
(ಗೃಹಿಣಿ, ಶಿರಸಿ)

ಉತ್ತರ: ಅಕ್ಕಾ, ಮೊದಲು ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ದಬ ದಬ ನನಗೂ ಹಿಡಿಸುವುದಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಇದು ನಿಮ್ಮ ಮಗನ ಹುಚ್ಚಲ್ಲ, ಹಳೇ ಹುಚ್ಚು. ಪ್ಯಾರಿಸ್ ರೇಡಿಯೋದಲ್ಲಿ ಪಿಯರ್ ಶೆಫರ್ ಅಂತ ಒಬ್ಬ ಎಂಜಿನಿಯರ್ ಇದ್ದ. 1948ರಲ್ಲಿ ಅವನು ರೈಲ್ವೆ ಸ್ಟೇಷನ್ನಿಗೆ ಹೋಗಿ ಎಂಜಿನ್ನಿನ ಸದ್ದು, ಗಾಲಿಯ ಸದ್ದು, ಸೀಟಿ ಎಲ್ಲ ಹಿಡಿದು ತಂದು, ಕತ್ತರಿಸಿ ಜೋಡಿಸಿ, ಅದೇ ವರ್ಷ ಅಕ್ಟೋಬರ್‌ನಲ್ಲಿ ರೇಡಿಯೋದಲ್ಲಿ ಕೇಳಿಸಿದ. ಟೇಪ್ ಅಲ್ಲ ಮತ್ತೆ, ಗ್ರಾಮಫೋನ್ ತಟ್ಟೆಯಲ್ಲಿ! ಮುಳ್ಳು ಒಂದೇ ಸುತ್ತಿನಲ್ಲಿ ತಿರುಗುತ್ತಲೇ ಇರುವ ಹಾಗೆ ಗೆರೆ ಕೊರೆಸಿಕೊಂಡಿದ್ದ. ಇವತ್ತು ಹುಡುಗರು ಲೂಪ್ ಅನ್ನುವುದು ಅದನ್ನೇ. ಅದಕ್ಕೂ ಮೊದಲು, 1944ರಲ್ಲಿ, ಕೈರೋದಲ್ಲಿ ಹಲೀಂ ಎಲ್-ದಭ್ ಅನ್ನುವವರು ತಂತಿಯ ಮೇಲೆ ಸದ್ದು ಹಿಡಿಯುವ ಯಂತ್ರ ಹೊತ್ತುಕೊಂಡು, ಮೈಮೇಲೆ ಬಂದದ್ದನ್ನು ಶಾಂತ ಮಾಡುವ ಹೆಂಗಸರ ಆಚರಣೆ ರೆಕಾರ್ಡ್ ಮಾಡಿ, ಅದರ ಹಾಡಿನಿಂದ ಹೊಸದೊಂದು ಮಾಡಿದ್ದರು. ನಮ್ಮ ದೇಶದಲ್ಲಿ? 1969ರಲ್ಲೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಎಲೆಕ್ಟ್ರಾನಿಕ್ ಸಂಗೀತದ ಸ್ಟುಡಿಯೋ ಆಗಿತ್ತು. ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಬಂದು, ಕರೆಂಟಿನಿಂದಲೇ ಸದ್ದು ಹುಟ್ಟಿಸುವ ಮೂಗ್ ಸಿಂಥಸೈಜರ್ ಹೂಡಿಕೊಟ್ಟಿದ್ದರು. ಆಗ ನಮ್ಮೂರಿಗೆ ಬಸ್ಸೂ ಇರಲಿಲ್ಲ.

ನೀವು ಕಲಿತ ದಾರಿಯಲ್ಲೇ ಇದರ ಬೇರು ಇದೆ ಅಲ್ವಾ? ನಾರದೀಯ ಶಿಕ್ಷೆ ಅನ್ನುವ ಹಳೇ ಗ್ರಂಥದಲ್ಲಿ ಒಂದೊಂದು ಪ್ರಾಣಿಯ ಕೂಗಿಗೆ ಒಂದೊಂದು ಸ್ವರ ಹೇಳಿದ್ದಾರೆ: ನವಿಲು ಷಡ್ಜ, ಎತ್ತು ರಿಷಭ, ಆಡು ಗಾಂಧಾರ, ಕ್ರೌಂಚ ಹಕ್ಕಿ ಮಧ್ಯಮ, ಕೋಗಿಲೆ ಪಂಚಮ, ಕುದುರೆ ಧೈವತ, ಆನೆ ನಿಷಾದ. ನಿಜ ಹೇಳಲಾ, ತಂಬೂರಿ ಆ್ಯಪ್ ಹಾಕಿಕೊಂಡು ನಮ್ಮ ಆಕಳು ಗೌರಿಯ ‘ಅಂಬಾ’ ಪಕ್ಕ ಇಟ್ಟು ನೋಡಿದ್ದೇನೆ. ಎಲ್ಲೋ ಶುರು ಮಾಡಿ, ಮೇಲೆ ಹತ್ತಿ, ಇನ್ನೆಲ್ಲೋ ಇಳಿಯುತ್ತಾಳೆ. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಇದೆ, ನಿಂತ ಸ್ವರ ಇಲ್ಲ ಅನ್ನುವಷ್ಟು ಕಡಿಮೆ. ಆದರೆ ಆ ಪಟ್ಟಿ ಮಾಡಿದವರು ಕಿವಿಯನ್ನು ಎಲ್ಲಿಟ್ಟಿದ್ದರು ಅನ್ನುವುದು ಗೊತ್ತಾಗುತ್ತದೆ.

ಈಗ ದಬ ದಬ. ಸುಲಿಯುವ ಮಷೀನಿಗೆ ಅದರದೇ ಒಂದು ನಡೆ ಇದೆ. ಬೆಲ್ಟು ಒಂದು ಕಡೆ ಎಳೆಯುತ್ತದೆ, ಅಡಿಕೆ ಉದುರುವುದು ಇನ್ನೊಂದು ಲೆಕ್ಕ, ಸಿಪ್ಪೆ ಸಿಕ್ಕಿಕೊಂಡಾಗ ಮಧ್ಯೆ ಒಂದು ಗುಟುಕು. ಮಗ ಅದನ್ನು ಕೇಳಿಸಿಕೊಳ್ಳದೆ ಮೇಲಿಂದ ಯಾವುದೋ ಊರಿನ ಬೀಟ್ ಹೊದೆಸಿದ್ದಾನೆ. ಅಡಿಕೆ ಬದಲು ಕಡಲೆಬೀಜದ ಮಷೀನಾಗಿದ್ದರೂ ಹಾಡು ಅದೇ ಆಗುತ್ತಿತ್ತು. ಅವನಿಗೆ ಹೀಗೆ ಹೇಳಿ: ‘ಡ್ರಮ್ ತೆಗೆದು ಕೇಳಿಸು, ಆಮೇಲೆ ಮಾತಾಡೋಣ.’ ಜೊತೆಗೆ, ರಾತ್ರಿ ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವವರು ಊರಲ್ಲಿ ಯಾರಾದರೂ ಉಳಿದಿದ್ದರೆ, ಅವನನ್ನು ಒಂದು ರಾತ್ರಿ ಅಲ್ಲಿ ಕೂರಿಸಿ. ಎಂಟು ಹತ್ತು ಜನ ಕೂತಾಗ ಒಬ್ಬೊಬ್ಬರ ಕೈಯ ‘ಚಕ್ಕ್’ ಬೇರೆ, ನಡುವೆ ಊರ ಸುದ್ದಿ, ನಗು, ಬುಟ್ಟಿಗೆ ಬೀಳುವ ಅಡಿಕೆ. ಯಾರೂ ತಾಳ ಹಾಕುವುದಿಲ್ಲ. ಆದರೂ ಆಗಾಗ ಎಲ್ಲರ ಕತ್ತಿ ಒಂದೇ ಏಟಿಗೆ ಸೇರಿ, ಮತ್ತೆ ಚದುರುತ್ತದೆ. ಅದಕ್ಕೆ ಏನು ಸೇರಿಸ್ತಾನೆ ಅವನು?

ಪ್ರಶ್ನೆ: ಯಾವ ಸಾಫ್ಟ್‌ವೇರ್ ಒಳ್ಳೆಯದು? ಲ್ಯಾಪ್‌ಟಾಪ್ ಎಷ್ಟು ರೂಪಾಯಿಯದು ಬೇಕು?
(ಯಲ್ಲಾಪುರ, ಹಳಿಯಾಳ, ಮುಂಡಗೋಡದಿಂದ ಐದು ಜನ)

ಉತ್ತರ: ಇದ್ದ ಲ್ಯಾಪ್‌ಟಾಪ್ ಸಾಕು. ಕತ್ತರಿಸಲು, ಹಿಂದುಮುಂದು ತಿರುಗಿಸಲು, ನಿಧಾನ ಮಾಡಲು ಆಡಾಸಿಟಿ ಇದೆ, ಪುಕ್ಕಟೆ. ಹತ್ತಾರು ಟ್ರ್ಯಾಕ್ ಜೋಡಿಸಬೇಕು ಅಂದರೆ ರೀಪರ್ 60 ದಿನ ಪುಕ್ಕಟೆ ನೋಡಲು ಸಿಗುತ್ತದೆ. ಫೋನಿನಲ್ಲೇ ಆಗಬೇಕು ಅಂದರೆ ಬ್ಯಾಂಡ್‌ಲ್ಯಾಬ್. ದುಡ್ಡಿದ್ದರೆ ಮೊದಲು ಒಂದು ಸಣ್ಣ ಕೈ ರೆಕಾರ್ಡರ್, ಆಮೇಲೆ ಒಳ್ಳೇ ಹೆಡ್‌ಫೋನ್. ಲ್ಯಾಪ್‌ಟಾಪ್ ಕೊನೆಗೆ.

ಪ್ರಶ್ನೆ: ನೀವು ‘ಕೊಟ್ಟಿಗೆ ಸದ್ದು’ ಅಂತ ಬರೆದಿರಿ, ಸರಿ. ಆದರೆ ಆಕಳ ಕೂಗಿನಿಂದ ಹಾಡಿನ ತನಕ ಹೇಗೆ ಹೋದಿರಿ ಅಂತ ಬರೆಯಲೇ ಇಲ್ಲ. ಒಂದೊಂದಾಗಿ ಹೇಳಿ.
(ಕಂಪ್ಯೂಟರ್ ಅಂಗಡಿಯವರು, ಕುಮಟಾ)

ಉತ್ತರ: ಹೌದು, ಅಲ್ಲಿ ಕೈ ಕೊಟ್ಟೆ. ಜಾಗ ಸಾಲಲಿಲ್ಲ ಅಂತ ಸಂಪಾದಕರ ಮೇಲೆ ಹಾಕಬಹುದು, ಆದರೆ ನಿಜವಾಗಿ ನನಗೇ ಹೇಗೆ ಬರೆಯುವುದು ಅಂತ ಹೊಳೆದಿರಲಿಲ್ಲ.

ಮೊದಲು ನಾನೂ ನಿಮ್ಮ ಹಾಗೆ ‘ಅಂಬಾ’ದಿಂದಲೇ ಶುರು ಮಾಡಿದ್ದೆ. ಅದೇ ತಪ್ಪು. ‘ಅಂಬಾ’ ಎಲ್ಲರಿಗೂ ಗೊತ್ತು. ಕೇಳಿದ ಕೂಡಲೇ ‘ಓ ಆಕಳು’ ಅಂತ ನಗು ಬರುತ್ತದೆ, ಅಲ್ಲಿಗೆ ಮುಗಿಯಿತು. ಒಂದು ವಾರ ರೆಕಾರ್ಡ್ ಮಾಡಿದ ಮೇಲೆ ಹೆಡ್‌ಫೋನ್ ಹಾಕಿ ಪೂರ್ತಿ ಕೇಳಿದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮೆಲುಕು. ಗೌರಿ ಮಲಗಿ ಮೆಲುಕು ಹಾಕುವಾಗ ಸುಮಾರು ಸೆಕೆಂಡಿಗೆ ಒಂದು ಜಗಿತ. ಒಂದು ತುತ್ತಿಗೆ ನಾನು ಎಣಿಸಿದ ಹಾಗೆ ಒಂದು ಸಲ 52, ಇನ್ನೊಂದು ಸಲ 47. ಆಮೇಲೆ ಗುಳುಕ್ ಅಂತ ನುಂಗುತ್ತಾಳೆ. ಮೂರು ನಾಲ್ಕು ಸೆಕೆಂಡ್ ಏನೂ ಇಲ್ಲ. ಹೊಟ್ಟೆಯಿಂದ ಮುಂದಿನ ತುತ್ತು ಮೇಲೆ ಬರುವುದು ಕುತ್ತಿಗೆಯಲ್ಲಿ ಕಾಣುತ್ತದೆ, ಮೈಕಿಗೂ ಕೇಳುತ್ತದೆ. ಮತ್ತೆ ಶುರು.

ನನ್ನ ಹಾಡಿನ ಕಟ್ಟು ಅಲ್ಲೇ ಸಿಕ್ಕಿತು. ಐವತ್ತರ ಆಚೀಚೆ ಏಟು, ಒಂದು ನುಂಗು, ಒಂದು ಖಾಲಿ, ಮತ್ತೆ ಏಟು. ಎಂಟಕ್ಕೂ ಹದಿನಾರಕ್ಕೂ ಕೂಡುವುದಿಲ್ಲ. ಕೂಡಿಸಲೂ ಹೋಗಲಿಲ್ಲ.

ಹಿಡಿದದ್ದು ಹೀಗೆ. ರೆಕಾರ್ಡರನ್ನು ಅವಳ ದವಡೆಯಿಂದ ಒಂದು ಗೇಣು ದೂರದಲ್ಲಿ, ಹುಲ್ಲಿನ ಕಟ್ಟಿನ ಮೇಲೆ ಇಟ್ಟಿದ್ದೆ. ಮೈಕಿಗೆ ಗಾಳಿ ತಾಗಬಾರದು ಅಂತ ಸ್ಪಂಜಿನ ಟೋಪಿ. ಮೂರನೇ ರಾತ್ರಿ ನಾನು ಈಚೆ ನೋಡುವುದರೊಳಗೆ ಗೌರಿ ಆ ಟೋಪಿಗೆ ನಾಲಿಗೆ ಹಾಕಿ ಎಳೆದುಕೊಂಡಳು. ಬಾಯಿಂದ ಕೀಳಲು ನಾನು, ಬಿಡದೆ ಅವಳು. ಗಲಾಟೆ ಕೇಳಿ ಅಮ್ಮ ಒಳಗಿಂದ, ‘ಎಂತ ಮಾಡ್ತಾ ಇದ್ಯ ತಮಾ ಕೊಟ್ಗೆಲಿ? ದನಕ್ಕೆ ಸಂಗೀತ ಹೇಳ್ಕೊಡ್ತಾ ಇದ್ಯನ?’ ಟೋಪಿ ಬಂತು, ಅರ್ಧ. ಉಳಿದರ್ಧ ನೆಲದ ಮೇಲೆ ಸಿಕ್ಕಿದ ಮೇಲೇ ನನಗೆ ನಿದ್ದೆ ಬಂದದ್ದು, ಹೊಟ್ಟೆಗೆ ಹೋಗಿದ್ದರೆ ಕಷ್ಟ ಇತ್ತು. ಆದರೆ ಆ ನಾಲಿಗೆ ಮೈಕಿಗೆ ಉಜ್ಜಿದ ಸದ್ದು ಇದೆಯಲ್ಲ, ಗರಗಸದಲ್ಲಿ ವೆಲ್ವೆಟ್ ಕೊಯ್ದ ಹಾಗೆ, ಇಡೀ ಹಾಡಿನಲ್ಲಿ ನನಗೆ ಇಷ್ಟವಾದದ್ದು ಅದೇ. ನಾಲ್ಕನೇ ನಿಮಿಷದಲ್ಲಿ ಬರುತ್ತದೆ.

ಆಮೇಲೆ ಕತ್ತರಿಸುವ ಕೆಲಸ. ಒಂದೊಂದು ಜಗಿತವನ್ನೂ ಬೇರೆ ಮಾಡಿ, ಒಳ್ಳೆಯ ಮೂವತ್ತು ಇಟ್ಟುಕೊಂಡೆ. ಒಂದನ್ನೇ ಆರಿಸಿ ಐವತ್ತು ಸಲ ಅಂಟಿಸಿದರೆ ಹತ್ತನೆಯದಕ್ಕೆ ಕಿವಿ ಸತ್ತು ಹೋಗುತ್ತದೆ. ಕತ್ತರಿಸಿದ ತುದಿಯಲ್ಲಿ ‘ಟಿಕ್’ ಅಂತ ಸದ್ದು ಬಂದರೆ ಹೆದರಬೇಡಿ. ಅಲೆಯನ್ನು ನಡುವಲ್ಲಿ ಕಡಿದದ್ದಕ್ಕೆ ಅದು. ಎರಡೂ ತುದಿಗೆ ಒಂದು ಸೆಕೆಂಡಿನ ನೂರನೇ ಒಂದು ಪಾಲಿನಷ್ಟು ಫೇಡ್, ಅಂದರೆ ಸದ್ದು ಮೆಲ್ಲಗೆ ಏರಿ ಮೆಲ್ಲಗೆ ಇಳಿಯುವ ಹಾಗೆ, ಕೊಟ್ಟರೆ ಹೋಗುತ್ತದೆ.

ಸ್ವರಕ್ಕೆ ‘ಅಂಬಾ’ ಬೇಕಾಯಿತು, ಆದರೆ ಪೂರ್ತಿ ಅಲ್ಲ. ನಡುವಲ್ಲಿ ಕಾಲು ಸೆಕೆಂಡಿನಷ್ಟು ಹೊತ್ತು ದನಿ ಅಲ್ಲಾಡದೆ ನಿಲ್ಲುವ ಜಾಗ ಒಂದಿತ್ತು. ಅಷ್ಟನ್ನೇ ತೆಗೆದು ಸಂಗೀತದ ಕೀಬೋರ್ಡಿಗೆ ಹಚ್ಚಿದೆ. ಲೆಕ್ಕ ಸುಲಭ: ಓಟವನ್ನು ಅರ್ಧ ಮಾಡಿದರೆ ಒಂದು ಸಪ್ತಕ ಕೆಳಗೆ ಹೋಗುತ್ತದೆ, ಹೊತ್ತು ಎರಡರಷ್ಟಾಗುತ್ತದೆ. ಎಂಟು ಪಟ್ಟು ನಿಧಾನ ಮಾಡಿದರೆ ಮೂರು ಸಪ್ತಕ ಕೆಳಗೆ. ಹಾಗೆ ಇಳಿಸಿದ ಮೇಲೆ ಅದು ಆಕಳು ಅಂತ ನಮ್ಮ ಅಮ್ಮನಿಗೂ ಗೊತ್ತಾಗಲಿಲ್ಲ. ‘ದೇವಸ್ಥಾನದ ಶಂಖನ?’ ಅಂದಳು. ಕೊಟ್ಟಿಗೆ ಬಾಗಿಲ ಕಿರ್‌ಗುಟ್ಟುವಿಕೆಯನ್ನು ನಾಲ್ಕು ಪಟ್ಟು ನಿಧಾನ ಮಾಡಿ ಅದರ ಹಿಂದೆ ಇಟ್ಟೆ.

ಹಾಲು ಕರೆಯುವ ಸದ್ದು ಕೊನೆಗೆ. ಇದನ್ನು ಮುಟ್ಟಲೇ ಇಲ್ಲ, ಹಿಡಿದ ಹಾಗೇ ಹಾಕಿದೆ. ಖಾಲಿ ಸ್ಟೀಲ್ ತಂಬಿಗೆಗೆ ಮೊದಲ ಎರಡು ಧಾರೆ ‘ಚುಂಯ್ ಚುಂಯ್’ ಅಂತ ತಗಡಿಗೆ ಹೊಡೆಯುತ್ತವೆ. ಹಾಲು ಒಂದು ಬೆರಳು ಏರಿದ ಮೇಲೆ ದನಿ ದಪ್ಪ ಆಗುತ್ತದೆ. ನೊರೆ ಬಂದ ಮೇಲೆ ‘ಸರ್ಬುಸ್ ಸರ್ಬುಸ್’. ಎಡಗೈ ಬಲಗೈ ಸದ್ದು ಒಂದೇ ಅಲ್ಲ ಅಂತ ಹೆಡ್‌ಫೋನಿನಲ್ಲಿ ಕೇಳಿದ ಮೇಲೇ ಗೊತ್ತಾದದ್ದು. ಅಮ್ಮನ ಬಲಗೈ ಹೆಬ್ಬೆರಳು ಹೋದ ವರ್ಷ ಉಳುಕಿತ್ತು. ಅದು ಅಲ್ಲಿದೆ.

ಒಂದು ಆಟ ಮಾತ್ರ ಜಾಸ್ತಿ ಆಡಿದೆ. ನಮ್ಮ ಬಾವಿಗೆ ಬಗ್ಗಿ ಒಂದು ಬಲೂನ್ ಒಡೆದು, ಆ ಗುಂಗು ರೆಕಾರ್ಡ್ ಮಾಡಿಕೊಂಡೆ. ರೀಪರಿನಲ್ಲಿ ಆ ಗುಂಗನ್ನೇ ಕೊಟ್ಟರೆ ಬೇರೆ ಯಾವ ಸದ್ದನ್ನಾದರೂ ಅದೇ ಬಾವಿಯೊಳಗೆ ಇಳಿಸಬಹುದು. ಗೌರಿಯ ಸ್ವರ ಕೇಳುವುದು ನಮ್ಮ ಬಾವಿಯೊಳಗಿಂದ.

ಪ್ರಶ್ನೆ: ಬೈತಕೋಲ್ ಬಂದರಿನ ಮೀನು ಹರಾಜು, ಬೋಟುಗಳು, ಟಾಗೋರ್ ಬೀಚಿನ ಅಲೆ, ಎಲ್ಲ ರೆಕಾರ್ಡ್ ಮಾಡಿದ್ದೇನೆ. ಹರಾಜು ಚೆನ್ನಾಗಿ ಬಂದಿದೆ. ಅಲೆ ಮಾತ್ರ ಎಷ್ಟು ಸಲ ಮಾಡಿದರೂ ಬರೀ ‘ಶ್ಶ್’. ಸಮುದ್ರ ಇಷ್ಟು ಹತ್ತಿರ ಇದ್ದು ಹಿಡಿಯಲು ಬರುವುದಿಲ್ಲ ಅಂದರೆ ಹೇಗೆ?
(ಬ್ಯಾಂಕ್ ಉದ್ಯೋಗಿ, ಕಾರವಾರ)

ಉತ್ತರ: ದೂರದಿಂದ ಸಮುದ್ರ ಅಂದರೆ ಸ್ಟೇಷನ್ ಸಿಗದ ರೇಡಿಯೋ. ದಪ್ಪ ಸದ್ದು, ಸಣ್ಣ ಸದ್ದು, ಎಲ್ಲ ಒಟ್ಟಿಗೇ ಇರುವುದರಿಂದ ಕಿವಿಗೆ ಹಿಡಿಯಲು ಯಾವುದೂ ಸಿಗುವುದಿಲ್ಲ. ಬೀಚಿನಲ್ಲಿ ನಿಂತಾಗ ಕಣ್ಣು ಸಹಾಯ ಮಾಡುತ್ತದೆ, ಮೈಕಿಗೆ ಕಣ್ಣಿಲ್ಲ. ಹಾಗಾಗಿ ಸಮುದ್ರ ಬಿಡಿ, ಒಂದು ಅಲೆ ಹಿಡಿಯಿರಿ. ಬಂಡೆ ಸಂದಿಗೆ ನೀರು ನುಗ್ಗಿ ಗಾಳಿ ನುಂಗುವ ಜಾಗ, ಚಿಪ್ಪಿನ ಮೇಲೆ ನೀರು ಹಿಂದೆ ಸರಿಯುವ ಜಾಗ, ಕಟ್ಟಿದ ದೋಣಿಯ ಹೊಟ್ಟೆಗೆ ‘ಗುಳುಕ್’ ಅಂತ ಬಡಿಯುವ ಜಾಗ. ಮೈಕನ್ನು ಮೊಣಕಾಲಿನ ಮಟ್ಟಕ್ಕೆ ಇಳಿಸಿ. ಗಾಳಿಗೆ ಮಗುವಿನ ಉಣ್ಣೆ ಟೋಪಿ ಹಾಕಿದರೂ ನಡೆಯುತ್ತದೆ.

ನಿಮ್ಮ ಹತ್ತಿರ ಇರುವ ‘ಶ್ಶ್’ ಕೂಡ ಎಸೆಯಬೇಡಿ. ಅದನ್ನು ಕೇಳಿಸಬೇಡಿ, ಕೆಲಸಕ್ಕೆ ಹಚ್ಚಿ. ಅಲೆಯ ಏರಿಳಿತ ಇನ್ನೊಂದು ಸದ್ದಿನ ಜೋರನ್ನು ಏರಿಸಿ ಇಳಿಸುವ ಹಾಗೆ ಸಾಫ್ಟ್‌ವೇರಿನಲ್ಲಿ ಕಟ್ಟಬಹುದು. ಅಲೆ ಏರಿದಾಗ ಹರಾಜಿನ ಗದ್ದಲ ಏರುತ್ತದೆ, ಇಳಿದಾಗ ಇಳಿಯುತ್ತದೆ, ಅಲೆ ಮಾತ್ರ ಎಲ್ಲೂ ಕೇಳುವುದಿಲ್ಲ. ಮೀನು ಮಾರುವವರೆಲ್ಲ ಒಟ್ಟಿಗೇ ಉಸಿರಾಡಿದ ಹಾಗೆ ಆಗುತ್ತದೆ. ಒಂದು ಸಲ ಮಾಡಿ ನೋಡಿ.

ನೀರೊಳಗೂ ಇಳಿಯಿರಿ, ಮೈಕ್ ಇಳಿಸಿದರೆ ಸಾಕು. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಪೀಜೋ ಅಂತ ಹಿತ್ತಾಳೆಯ ಬಿಲ್ಲೆ ಸಿಗುತ್ತದೆ, ತೀರಾ ಅಗ್ಗ. ಅದೇ ನೀರೊಳಗಿನ ಮೈಕ್. ತಂತಿ ಬೆಸೆದು, ನೀರು ಹೋಗದ ಹಾಗೆ ಬಿಸಿ ಗೋಂದಿನಲ್ಲಿ ಮುಚ್ಚಿ, ಬಲೂನಿನೊಳಗೆ ಕಟ್ಟಿ ಬಿಡಿ. ನೇರ ರೆಕಾರ್ಡರಿಗೆ ಹಾಕಿದರೆ ಸದ್ದು ತೆಳ್ಳಗೆ ಬರುತ್ತದೆ, ನಡುವೆ ಸದ್ದನ್ನು ದೊಡ್ಡದು ಮಾಡುವ ಒಂದು ಸಣ್ಣ ಪ್ರಿಆ್ಯಂಪ್ ಇದ್ದರೆ ಒಳ್ಳೆಯದು. ನಾನು ಅಘನಾಶಿನಿ ಅಳಿವೆಯಲ್ಲಿ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡದ ಬೇರಿನ ಹತ್ತಿರ ಇಳಿಸಿದ್ದೆ. ಮೊದಲು ತಂತಿ ಕಿತ್ತುಹೋಯಿತು ಅಂದುಕೊಂಡೆ, ಹಾಗೆ ಚಟಪಟ. ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೇ! ಅದು ಒಂದು ಜಾತಿಯ ಸಣ್ಣ ಸಿಗಡಿ. ಒಂದು ಕೊಂಡಿ ಮೈಗಿಂತ ದಪ್ಪ ಕಾಣುವಷ್ಟು ದೊಡ್ಡದು. ಅದನ್ನು ಎಷ್ಟು ಜೋರಾಗಿ ಮುಚ್ಚುತ್ತದೆ ಅಂದರೆ, ಚಿಮ್ಮಿದ ನೀರಿನಲ್ಲಿ ಒಂದು ಗುಳ್ಳೆ ಹುಟ್ಟುತ್ತದೆ. ‘ಚಟ್’ ಅನ್ನುವುದು ಕೊಂಡಿಯ ಸದ್ದಲ್ಲ, ಆ ಗುಳ್ಳೆ ಕುಸಿದ ಸದ್ದು.

ರಂಪಣಿ ಬಲೆ ಎಳೆಯುವುದು ಎಲ್ಲಾದರೂ ಕಂಡರೆ ಕೆಲಸ ಬಿಟ್ಟು ಓಡಿ. ಟ್ರಾಲರ್, ಪರ್ಸೀನ್ ಅನ್ನುವ ಯಂತ್ರದ ಬೋಟುಗಳು ಬಂದ ಮೇಲೆ ಅದು ಕಡಿಮೆ ಆಗಿದೆ. ದಡದಲ್ಲಿ ಎರಡು ಸಾಲು ಜನ, ಎರಡು ಹಗ್ಗ, ಒಂದು ಹುಯ್ಲು. ಎರಡು ಸಾಲಿನ ನಡುವೆ ನಿಂತು ಸ್ಟೀರಿಯೋದಲ್ಲಿ ಹಿಡಿಯಿರಿ. ಮತ್ತೆ ಕಾರವಾರದವರಿಗೆ ಬೇರೆ ಹೇಳಬೇಕಾಗಿಲ್ಲ, ಆದರೂ: ನೌಕಾನೆಲೆಯ ಬೇಲಿ ಹತ್ತಿರ ಮೈಕ್ ಹಿಡಿದು ಓಡಾಡಬೇಡಿ.

ಪ್ರಶ್ನೆ: ಸಾರ್, ನಾನು ಒಂಬತ್ತನೇ ಕ್ಲಾಸು. ಚಿಮ್ಮಂಡೆ ಸದ್ದನ್ನು ರಾತ್ರಿ 8ಕ್ಕೆ ಒಂದು ಸಲ, ಬೆಳಗಿನ ಜಾವ 5ಕ್ಕೆ ಒಂದು ಸಲ ರೆಕಾರ್ಡ್ ಮಾಡಿದೆ. ಎರಡನ್ನೂ ಒಟ್ಟಿಗೆ ಹಾಕಿದರೆ ತಾಳ ಕೂಡುವುದಿಲ್ಲ. ಯಾಕೆ?
(ಹೈಸ್ಕೂಲ್ ವಿದ್ಯಾರ್ಥಿ, ಬನವಾಸಿ)

ಉತ್ತರ: ಭಲೇ ತಮ್ಮಾ! ಈ ಸಲದ ಪತ್ರಗಳಲ್ಲಿ ನಿನ್ನದೇ ಒಳ್ಳೇ ಕಿವಿ. ಚಿಮ್ಮಂಡೆ ಮೈಯಲ್ಲಿ ನಮ್ಮ ಹಾಗೆ ಒಂದೇ ಸಮ ಬಿಸಿ ಇರುವುದಿಲ್ಲ. ಹೊರಗೆ ಚಳಿಯಾದರೆ ಅದರ ರೆಕ್ಕೆ ಉಜ್ಜುವುದೂ ನಿಧಾನ ಆಗುತ್ತದೆ. ಚಿಮ್ಮಂಡೆ ಎಣಿಸಿ ಚಳಿ ಎಷ್ಟು ಅಂತ ಹೇಳುವ ಸೂತ್ರವನ್ನು ಅಮೆರಿಕದ ಡಾಲ್‌ಬೇರ್ ಅನ್ನುವವರು 1897ರಲ್ಲೇ ಬರೆದಿದ್ದರು. ಜಾತಿಯಿಂದ ಜಾತಿಗೆ ಲೆಕ್ಕ ಬೇರೆ, ನಿಮ್ಮ ಹಿತ್ತಲಿನದಕ್ಕೆ ನೀನೇ ಒಂದು ಸೂತ್ರ ಮಾಡು. ಒಂದು ಥರ್ಮಾಮೀಟರ್ ಇಟ್ಟುಕೊಂಡು, ನಿಮಿಷಕ್ಕೆ ಎಷ್ಟು ‘ಚಿರ್’ ಅಂತ ಡಿಸೆಂಬರ್ ತನಕ ಬರೆದಿಡು.

ಎರಡನ್ನೂ ಎಳೆದು ಒಂದೇ ತಾಳಕ್ಕೆ ಕೂರಿಸಬೇಡ. ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ಹಾಕಿ ಕೇಳು. ಒಮ್ಮೆ ಸೇರುತ್ತವೆ, ಮತ್ತೆ ಬಿಡುತ್ತವೆ. ಅದು ರಾತ್ರಿಯೇ ತಣ್ಣಗಾಗುವ ಸದ್ದು. ಹೆಡ್‌ಮಾಸ್ತರಿಗೂ ಕೇಳಿಸು.

ಪ್ರಶ್ನೆ: ಮಂಗಟ್ಟೆ ಹಕ್ಕಿಯ ಕೂಗನ್ನು ಸ್ಪೀಕರಿನಲ್ಲಿ ಹಾಕಿದರೆ ನಿಜವಾದ ಹಕ್ಕಿ ಹತ್ತಿರ ಬರುತ್ತದೆ, ಆಗ ರೆಕಾರ್ಡ್ ಮಾಡಬಹುದು ಅಂತ ಗೆಳೆಯ ಹೇಳಿದ. ಸರಿಯಾ?
(ಹೋಂಸ್ಟೇ ನಡೆಸುವವರು, ಜೋಯಿಡಾ)

ಉತ್ತರ: ಬೇಡ. ತನ್ನ ಜಾಗಕ್ಕೆ ಇನ್ನೊಂದು ಬಂತು ಅಂತ ಅದು ಗಾಬರಿಯಾಗಿ ಬರುವುದು, ನಿಮ್ಮನ್ನು ನೋಡಲು ಅಲ್ಲ. ಮರಿ ಮಾಡುವ ಕಾಲದಲ್ಲಿ ಹೆಣ್ಣು ಪೊಟರೆಯೊಳಗೆ ಬಾಗಿಲು ಮೆತ್ತಿಕೊಂಡು ಕೂತಿರುತ್ತದೆ. ಗಂಡು ಹಣ್ಣು ತರುವುದು ಬಿಟ್ಟು ನಿಮ್ಮ ಸ್ಪೀಕರಿಗೆ ಜಗಳಕ್ಕೆ ಬಂದರೆ ಒಳಗಿನವರ ಗತಿ? ನಿಮಗೆ ಕೂಗು ಯಾಕೆ? ದೊಡ್ಡ ಮಂಗಟ್ಟೆ ತಲೆಯ ಮೇಲೆ ಹಾರಿದಾಗ ರೆಕ್ಕೆಯ ಸದ್ದು ಕೇಳಿದ್ದೀರಲ್ಲ, ಹಳೇ ಕಲ್ಲಿದ್ದಲ ರೈಲಿನ ಹಾಗೆ ‘ಘುಸ್ ಘುಸ್’. ಹಣ್ಣಾದ ಗೋಳಿ ಮರದ ಕೆಳಗೆ ಬೆಳಿಗ್ಗೆ ಕಾದು ಕೂತರೆ ಅದು ಪುಕ್ಕಟೆ ಸಿಗುತ್ತದೆ. ಕಾಡೊಳಗೆ ಹೋಗುವುದಾದರೆ ಅರಣ್ಯ ಇಲಾಖೆಯನ್ನು ಕೇಳಿಯೇ ಹೋಗಿ.

ಪ್ರಶ್ನೆ: ನಮ್ಮ ಊರಿನ ಹಾಲಕ್ಕಿ ಸಮುದಾಯದ ಅಜ್ಜಿಯೊಬ್ಬರ ಹಾಡು ನನ್ನ ಫೋನಿನಲ್ಲಿದೆ. ಅದಕ್ಕೆ ಗುಮಟೆ ವಾದ್ಯ, ಮಳೆ, ಸ್ವಲ್ಪ ಎಲೆಕ್ಟ್ರಾನಿಕ್ ಸೇರಿಸಿ ಹಾಕಿದರೆ ವೈರಲ್ ಆಗುತ್ತದೆ ಅಂತಾರೆ. ಜನಪದ ಹಾಡು ಎಲ್ಲರದ್ದು ತಾನೇ?
(ಅಂಕೋಲಾ)

ಉತ್ತರ: ಹಾಡು ಎಲ್ಲರದ್ದು ಇರಬಹುದು. ದನಿ ಅಜ್ಜಿಯದ್ದು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲೇ ಹಾಡಿದವರ ಹಕ್ಕು ಅಂತ ಇದೆ, 50 ವರ್ಷದ ತನಕ. ರೆಕಾರ್ಡಿಂಗಿನ ಹಕ್ಕು ಬೇರೆ, ಅದು 60 ವರ್ಷ. ಕಪ್ಪೆ, ಆಕಳು, ಅಲೆಗೆ ಇದೆಲ್ಲ ಇಲ್ಲ, ಮನುಷ್ಯರಿಗೆ ಇದೆ.

ಕಾಯ್ದೆ ಬಿಡಿ. ನೀವು ಏನು ಮಾಡುತ್ತೀರಿ ಅಂತ ಅಜ್ಜಿಗೆ ಗೊತ್ತಾ? ‘ರೆಕಾರ್ಡ್ ಮಾಡ್ಲಾ’ ಅಂತ ಕೇಳಿರುತ್ತೀರಿ, ಅವರು ‘ಮಾಡು ಮಗಾ’ ಅಂದಿರುತ್ತಾರೆ. ಅದು ದನಿಯನ್ನು ಚೂರು ಮಾಡಿ, ಕೆಳಗೆ ಇಳಿಸಿ, ಮಳೆಯೊಳಗೆ ಮುಳುಗಿಸಲು ಕೊಟ್ಟ ಒಪ್ಪಿಗೆ ಅಲ್ಲ. ಮಾಡಿದ್ದನ್ನು ತೆಗೆದುಕೊಂಡು ಹೋಗಿ ಅವರ ಜಗಲಿಯಲ್ಲಿ ಕೂತು ಕೇಳಿಸಿ. ನನಗೂ ಒಂದು ಸಲ ಹೀಗಾಗಿತ್ತು. ಒಬ್ಬರ ಸುಗ್ಗಿ ಪದವನ್ನು ಹಿಂದುಮುಂದು ತಿರುಗಿಸಿ ಹಾಕಿದ್ದೆ, ದೊಡ್ಡ ಜಾಣತನ ಅಂತ. ಅವರು ಪೂರ್ತಿ ಕೇಳಿ, ‘ಇದು ಸೂತಕದ ಮನೇಲಿ ಅತ್ತ ಹಾಂಗೆ ಆಯ್ತು’ ಅಂದರು. ತೆಗೆದು ಹಾಕಿದೆ. ಹೂಂ ಅಂದರೆ ಹೆಸರು ಹಾಕಿ, ದುಡ್ಡು ಬಂದರೆ ಪಾಲು ಕೊಡಿ, ಬೇಡ ಅಂದರೆ ಅಳಿಸಿ.

ನಿಮ್ಮದೇ ತಾಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡರು ಸಾವಿರಾರು ಹಾಡನ್ನು ನೆನಪಿನಲ್ಲೇ ಇಟ್ಟುಕೊಂಡಿದ್ದವರು. 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರವರಿಯಲ್ಲಿ ಹೋದರು. ನಿಮ್ಮ ಫೋನಿನಲ್ಲಿರುವ ಅಜ್ಜಿಯ ಹಾಡನ್ನು ಏನೂ ಸೇರಿಸದೆ, ಪೂರ್ತಿ, ಒಂದು ಕಾಪಿ ಬೇರೆ ಕಡೆ ತೆಗೆದಿಡಿ. ವೈರಲ್ ಕತೆ ಆಮೇಲೆ ನೋಡೋಣ.

ಪ್ರಶ್ನೆ: ಇದರಿಂದ ದುಡ್ಡು ಬರುತ್ತದಾ?
(ಹೊನ್ನಾವರ)

ಉತ್ತರ: ನನಗೆ ಈ ತನಕ ಬಂದದ್ದು ಒಂದು ನಾಟಕದವರು ಕೊಟ್ಟ ಎರಡು ಸಾವಿರ ಮತ್ತು ಒಂದು ಶಾಲು. ಸ್ಪಂಜಿನ ಟೋಪಿ ಲೆಕ್ಕ ಹಾಕಿದರೆ ಶಾಲು ಮಾತ್ರ ಉಳಿಯಿತು.

ಪ್ರಶ್ನೆ: ಮುಂದೆ ಏನು ಮಾಡುತ್ತಿದ್ದೀರಿ?
(ಕೇಳಿದವರು ಮೂರು ಜನ, ಊರು ಬರೆದಿಲ್ಲ)

ಉತ್ತರ: ಆಲೆಮನೆ. ಕಬ್ಬು ಗಾಣಕ್ಕೆ ಕೊಡುವ ಸದ್ದು, ಕೊಪ್ಪರಿಗೆ ಕುದಿಯುತ್ತ ಕುದಿಯುತ್ತ ‘ಗುಳುಗುಳು’ದಿಂದ ‘ಬೊಳ್ ಬೊಳ್’ಗೆ ಇಳಿಯುವುದು, ನೊರೆಬೆಲ್ಲಕ್ಕೆ ಮಕ್ಕಳ ಜಗಳ, ಬೋರಲು ಹಾಕಿದ ಮಡಕೆಯ ಮೇಲೆ ತೊಡದೇವು ಅನ್ನುವ ಸಿಹಿತಿಂಡಿಯ ಹಿಟ್ಟು ಬಳಿದಾಗಿನ ‘ಚುರ್ರ್’. ಇಷ್ಟೂ ನಮ್ಮೂರಲ್ಲೇ ಸಿಕ್ಕಿದೆ. ತೊಂದರೆ ಒಂದೇ, ನಮ್ಮ ಕಡೆ ಗಾಣಕ್ಕೆ ಡೀಸೆಲ್ ಎಂಜಿನ್ ಬಂದಿದೆ, ಅದು ಉಳಿದ ಎಲ್ಲವನ್ನೂ ನುಂಗಿ ಹಾಕುತ್ತದೆ. ಕೋಣ ಕಟ್ಟಿ ಗಾಣ ತಿರುಗಿಸುವವರು ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಯಾರಾದರೂ ಇದ್ದರೆ ಪತ್ರಿಕೆಗೆ ಒಂದು ಸಾಲು ಬರೆಯಿರಿ. ಎರಡು ರಾತ್ರಿ ಉಳಿಯಲು ಜಾಗ ಕೊಟ್ಟರೆ ಸಾಕು. ಮೈಕಿನ ಟೋಪಿ ಈ ಸಲ ತಗಡಿನದು ಮಾಡಿಸುತ್ತೇನೆ, ಕೋಣನ ನಾಲಿಗೆ ಹೇಗಿರುತ್ತದೋ!